ಅಚ್ಚೇರಿನಲ್ಲಿ ಅಳೆದ ಮರಿಗಳು

ನಾನು ಮದುವೆಯಾಗಿ ನ್ಯಾಮತಿಗೆ ಬಂದ ವರ್ಷವೇ ಊರಲ್ಲಿ ಇಲಿ ಬಿದ್ದವು. ಈಗಿನವರಿಗೆ ಹಾಗೆಂದರೆ ಅರ್ಥವಾಗುವುದಿಲ್ಲ. ಆಗ ಅಟ್ಟದಿಂದಲೋ ಮಾಡಿನ ಸಂದಿಯಿಂದಲೋ ಇಲಿ ತಾನಾಗಿ ಬಿದ್ದು ಸತ್ತರೆ ಪ್ಲೇಗು ಬಂತೆಂದೇ ತಿಳಿಯುತ್ತಿದ್ದರು. ಒಂದು ಬೀದಿಯ ಎರಡು ಮೂರು ಮನೆಗಳಲ್ಲಿ ಹೀಗಾಯಿತೆಂದರೆ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಗಳಿಗೆ ಹೋಗಿ ಜೋಪಡಿ ಹಾಕಿಕೊಂಡು ಇರುತ್ತಿತ್ತು. ಬಿಸಿಲು ಬಲಿತು ಬೇನೆ ಇಳಿದ ಮೇಲೆ ತಿರುಗಿ ಮನೆಗೆ ಬರುವುದು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ ಅದು.

ನಮ್ಮದು ಕಾಳುಕಡಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಇದ್ದವರು ಅತ್ತೆ, ಮಾವ, ನಾನು. ನನ್ನ ಗಂಡ ದಾವಣಗೆರೆಯಲ್ಲಿ ಸಂಬಂಧಿಕರ ಮಂಡಿಯಲ್ಲಿ ಕೆಲಸ ಕಲಿಯುತ್ತಿದ್ದರು, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದರು. ನಾನು ಜಗಳೂರಿನ ಕಡೆಯವಳು. ಹದಿನಾರೋ ಹದಿನೇಳೋ ವಯಸ್ಸು. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಕಡಿಮೆ. ನೀರು ತಂದಾಯಿತಾ, ಜೋಳ ಹಸನು ಮಾಡಿದೆಯಾ, ಇಷ್ಟೇ. ಅವರು ಸ್ವಲ್ಪ ಹೆಚ್ಚು ಮಾತಾಡುತ್ತಿದ್ದುದು ಬೆಕ್ಕಿನ ಜೊತೆ. ಬೂದಿ ಬಣ್ಣದ, ಪಟ್ಟೆ ಇರುವ ಹೆಣ್ಣು ಬೆಕ್ಕು. ಕಾಳಿನ ಅಂಗಡಿ ಎಂದ ಮೇಲೆ ಬೆಕ್ಕು ಇರಲೇಬೇಕು, ಅದಕ್ಕೆ ಮಾವನೂ ಏನೂ ಅನ್ನುತ್ತಿರಲಿಲ್ಲ. ಆ ಬೆಕ್ಕು ಜೋಳ ತುಂಬುವ ಮಣ್ಣಿನ ಗುಡಾಣದ ಹಿಂದೆ ಮರಿ ಹಾಕಿತ್ತು. ನಾಲ್ಕು ಮರಿ. ಅವು ಇನ್ನೇನು ಕಣ್ಣು ಬಿಡುತ್ತಿವೆ ಎನ್ನುವಾಗ ಊರು ಬಿಡುವ ಹೊತ್ತು ಬಂತು.

ಗಾಡಿಗೆ ಪಾತ್ರೆ, ಹಾಸಿಗೆ, ಬೀಸುವ ಕಲ್ಲು, ದಿನಸಿಯ ಚೀಲಗಳನ್ನು ಹೇರಿದ್ದಾದ ಮೇಲೆ ಅತ್ತೆ ಒಂದು ಬಿದಿರಿನ ಪುಟ್ಟಿ ತಂದು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮೇಲೆ ಹಳೆಯ ಸೀರೆ ಮುಚ್ಚಿತ್ತು. ಒಳಗೆ ಬೆಕ್ಕು, ಮರಿಗಳು. ಮಾವ ನೋಡಿದರು. ಹೊಲದಲ್ಲೂ ಇಲಿ ಇರುತ್ತವೆ, ಇರಲಿ ಅಂದುಕೊಂಡರೋ ಏನೋ, ಎತ್ತು ಹೊಡೆದರು.

ನಮ್ಮ ಹೊಲ ಗೋವಿನಕೋವಿಯ ದಾರಿಯಲ್ಲಿತ್ತು. ಜೋಳ ಕೊಯ್ದು ಆಗಿತ್ತು. ಬಿದಿರು ತಟ್ಟಿ ಕಟ್ಟಿ, ಮೇಲೆ ಸೋಗೆ ಹೊದಿಸಿ ಒಂದು ಜೋಪಡಿ ಎಬ್ಬಿಸಿದ್ದರು. ಒಳಗೆ ಅಡ್ಡ ಒಂದು ತಟ್ಟಿ: ಆಚೆ ಅಡಿಗೆ, ಈಚೆ ಮಲಗುವುದು. ಹಸುವನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದೆವು. ಸುತ್ತ ನಮ್ಮ ಬೀದಿಯವರದೇ ಜೋಪಡಿಗಳು.

ಬೆಕ್ಕು ಒಂದು ದಿನ ಇತ್ತು. ಮಾರನೆಯ ಬೆಳಿಗ್ಗೆ ನಾನು ಸಗಣಿ ತೆಗೆಯುತ್ತಿದ್ದಾಗ ಅದು ಒಂದು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿಕೊಂಡು ಬದುವಿನ ಮೇಲೆ ಹೋಗುತ್ತಿತ್ತು. ಬಣವೆಯ ಕಡೆ ಜಾಗ ಬದಲಿಸುತ್ತಿರಬೇಕು ಅಂದುಕೊಂಡೆ. ಮಧ್ಯಾಹ್ನ ಊರು ಕಾಯುವ ತಳವಾರ ಬಂದವನು, ನಿಮ್ಮ ಬೆಕ್ಕು ಬಾಯಲ್ಲಿ ಮರಿ ಹಿಡಿದುಕೊಂಡು ನಿಮ್ಮ ಮನೆಯ ಹೆಂಚಿನ ಸಂದಿಯಿಂದ ಒಳಗೆ ಇಳಿಯಿತು ಎಂದು ಹೇಳಿದ. ಬೆಕ್ಕು ಮನುಷ್ಯರ ಜೊತೆ ಬರುವ ಪ್ರಾಣಿಯಲ್ಲ, ಮನೆಯ ಜೊತೆ ಇರುವ ಪ್ರಾಣಿ ಎಂದು ನನಗೆ ಆಗ ತಿಳಿಯಿತು.

ಮಾವನ ಮುಖ ಗಟ್ಟಿಯಾಯಿತು. ಹಿಂದಿನ ಒಂದು ಪ್ಲೇಗಿನಲ್ಲಿ ಅವರ ತಂಗಿ ತೀರಿಕೊಂಡಿದ್ದರು. ಊರು ಬಿಟ್ಟ ಮೇಲೆ ಏನೋ ಸಾಮಾನು ಮರೆತಿದ್ದೆನೆಂದು ಮನೆಗೆ ಹೋಗಿ ಬಂದ ಹುಡುಗಿ ನಾಲ್ಕು ದಿನ ಉಳಿಯಲಿಲ್ಲವಂತೆ. ಅದನ್ನು ಅವರು ಯಾವತ್ತೂ ಹೇಳುತ್ತಿರಲಿಲ್ಲ, ಅತ್ತೆ ನನಗೆ ಆಮೇಲೆ ಹೇಳಿದರು.

"ಅದು ಊರೊಳಗೆ ಹೋಗೈತೆ. ಏನು ತಿಂದೈತೋ ಯಾರು ಕಂಡೋರು. ಇನ್ನು ಇತ್ಲಾಗೆ ಬಿಟ್ಕೋಬ್ಯಾಡ್ರಿ" ಎಂದರು ಮಾವ.

"ಮರಿಗಳು ಏನು ಮಾಡಬೇಕು?" ಎಂದು ಅತ್ತೆ ಕೇಳಿದರು.

"ನೀವು ಇಬ್ರು ಹೆಂಗಸ್ರು ಇದ್ದೀರಲ್ಲ."

ಸಂಜೆಗೆ ಮುಂಚೆ ಬೆಕ್ಕು ಉಳಿದ ಮರಿಗಳಿಗಾಗಿ ಬಂತು. ಮಾವ ಕೋಲು ಹಿಡಿದು ನಿಂತರು, ಮಣ್ಣಿನ ಹೆಂಟೆ ಎಸೆದರು. ಅದು ಓಡಿಹೋಗಲಿಲ್ಲ. ಹೆಂಟೆ ತಲುಪದಷ್ಟು ದೂರದಲ್ಲಿ ಬದುವಿನ ಮೇಲೆ ಕೂತು ಈಚೆ ನೋಡುತ್ತಿತ್ತು. ಮರಿಗಳು ಪುಟ್ಟಿಯಲ್ಲಿ ಕೂಗುತ್ತಿದ್ದವು. ಬಹಳ ಹೊತ್ತು ಕೂತು ಆಮೇಲೆ ಎದ್ದು ಹೋಯಿತು. ಮರುದಿನವೂ ಬಂದಿತ್ತು. ಅದಾದ ಮೇಲೆ ಬರಲಿಲ್ಲ. ಅತ್ತೆ ಮಾವನಿಗೆ ರೊಟ್ಟಿ ಬಡಿಸಿದರು, ನೀರು ಕೊಟ್ಟರು, ಒಂದು ಮಾತೂ ಆಡಲಿಲ್ಲ. ಮಾವ ಹೇಳಿದ್ದು ತಪ್ಪೆಂದು ನನಗೆ ಅನಿಸಲಿಲ್ಲ. ಅತ್ತೆಯ ಸಿಟ್ಟೂ ತಪ್ಪೆಂದು ಅನಿಸಲಿಲ್ಲ.

ಮೂರು ಮರಿ ನಮ್ಮ ಪಾಲಿಗೆ ಉಳಿದವು. ಒಂದು ಕರಿಯದು, ಎರಡು ತಾಯಿಯಂತೆಯೇ ಪಟ್ಟೆಯವು. ಹಸುವಿನ ಹಾಲು ಕಾಸಿ ಆರಿಸಿ ಬೆರಳಿಗೆ ಹಚ್ಚಿ ಬಾಯಿಗೆ ಇಟ್ಟೆವು. ಮೂಸಿ ಮುಖ ತಿರುಗಿಸಿದವು. ದೀಪಕ್ಕೆ ಹೊಸೆದಿಟ್ಟಿದ್ದ ಹತ್ತಿಯ ಬತ್ತಿಯನ್ನು ಅದ್ದಿ ಕೊಟ್ಟಾಗ ಕರಿಯ ಮರಿ ಚೀಪಿತು. ಅದನ್ನು ನೋಡಿ ನಮಗಿಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ, ಅದು ಕೇಳಿದಷ್ಟೂ ಕುಡಿಸಿದೆವು. ಎರಡು ದಿನದಲ್ಲಿ ಅದಕ್ಕೆ ಭೇದಿ ಹತ್ತಿತು. ಹೊಟ್ಟೆ ಉಬ್ಬಿ, ಕಿವಿ ತಣ್ಣಗಾಗಿ, ತಲೆ ಎತ್ತದೆ ಬಿದ್ದುಕೊಂಡಿತು. ಬೆಳಿಗ್ಗೆ ನೋಡಿದರೆ ಸತ್ತಿತ್ತು. ಮೂರರಲ್ಲಿ ಗಟ್ಟಿಮುಟ್ಟಾಗಿದ್ದದ್ದು ಅದೇ. ಮಾವ ಗುದ್ದಲಿ ತೆಗೆದುಕೊಂಡು ತಾವೇ ಹೋಗಿ ಹೊಲದ ಅಂಚಿನಲ್ಲಿ ಹೂತು ಬಂದರು. ಕೈಕಾಲು ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತರು. ಅವತ್ತು ಅತ್ತೆ ಅವರ ಜೊತೆ ಮಾತಾಡಿದರು.

ಹಸುವಿನ ಹಾಲು ಇವಕ್ಕೆ ಆಗಲಿಲ್ಲವೆಂದು ನನಗೆ ಅನಿಸಿತು. ನಮ್ಮ ತವರಿನಲ್ಲಿ ಆಡುಗಳಿದ್ದವು. ತಾಯಿ ಸತ್ತ ಆಡಿನ ಮರಿಗೆ ಬಟ್ಟೆ ಚೀಪಿಸಿ ಹಾಲು ಕುಡಿಸಿದವಳು ನಾನು. ಕೂಸುಗಳಿಗೂ ಹೊಟ್ಟೆ ಕೆಟ್ಟಾಗ ಆಡಿನ ಹಾಲು ಕೊಡುತ್ತಿದ್ದೆವು. ನಾನು ಹೊಸ ಸೊಸೆ, ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದೆ.

"ಅತ್ತೆ, ಆಡಿನ ಹಾಲು ಹಗುರ ಆಗ್ತೈತ್ರಿ. ನೋಡಾನ?"

ಅತ್ತೆ ನನ್ನ ಮುಖ ನೋಡಿ, ಎದ್ದು ಚೆಂಬು ತೆಗೆದುಕೊಂಡು ಪಕ್ಕದ ಜೋಪಡಿಗೆ ಹೋದರು. ಅಲ್ಲಿದ್ದ ಕಮ್ಮಾರರ ಮನೆಯವರು ಎರಡು ಆಡು ಕಟ್ಟಿಕೊಂಡಿದ್ದರು. ಅವರಿಗೆ ಮಜ್ಜಿಗೆ ಬೇಕಿತ್ತು, ನಮಗೆ ಹಾಲು. ದಿನಾ ಬೆಳಿಗ್ಗೆ ಸಂಜೆ ಚೆಂಬು ಬದಲಾಗತೊಡಗಿತು.

ಹತ್ತಿಯ ಬತ್ತಿಯಲ್ಲಿ ಒಂದು ತೊಂದರೆ ಇತ್ತು. ಮರಿ ಎಳೆಗಳನ್ನೂ ಎಳೆದುಕೊಂಡು ನುಂಗುತ್ತಿತ್ತು. ಆಗ ಅತ್ತೆ ತಮ್ಮ ಪೆಟ್ಟಿಗೆಯ ತಳದಿಂದ ಒಳಲೆ ತೆಗೆದರು. ಕೂಸಿಗೆ ಹಾಲು ಹಾಕುವ, ಒಂದು ಕಡೆ ಮೂತಿ ಇರುವ ಹಿತ್ತಾಳೆಯ ಒಳಲೆ. ನನ್ನ ಗಂಡ ಕುಡಿದದ್ದು ಅದರಲ್ಲೇ. ಅದನ್ನು ಯಾರಿಗಾಗಿ ಇಟ್ಟಿದ್ದಾರೆಂದು ನನಗೆ ಗೊತ್ತಿತ್ತು, ನಾನು ತಲೆ ತಗ್ಗಿಸಿದೆ. ಅದರ ಮೂತಿಗೆ ಹಳೆಯ ಪಂಚೆಯ ತೆಳು ಚೂರನ್ನು ಎರಡು ಮಡಿಕೆ ಮಾಡಿ ದಾರದಿಂದ ಬಿಗಿದು ಕಟ್ಟಿದರು. ಹಾಲು ಸುರಿಯುವುದಿಲ್ಲ, ಮರಿ ಚೀಪಿದರೆ ಮಾತ್ರ ಬರುತ್ತದೆ. ಮಾವ ಕಂಡು, ಮೊಮ್ಮಕ್ಕಳಿಗೆ ಇಟ್ಟದ್ದನ್ನು ಬೆಕ್ಕಿಗೆ ಕೊಟ್ಟೆಯಾ ಎಂದರು. ತೊಳೆದರೆ ಹೋಗುತ್ತದೆ ಎಂದು ಅತ್ತೆ ಉತ್ತರ ಕೊಟ್ಟರು.

ಕುಡಿಸುವ ರೀತಿಯನ್ನೂ ನಾವು ಕಲಿಯಬೇಕಾಯಿತು. ಕೂಸಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಮೂಗಿಗೆ ಹತ್ತುತ್ತದೆ, ಸೀನಿ ಒದ್ದಾಡುತ್ತವೆ. ಬೆಕ್ಕಿನ ಹತ್ತಿರ ಮರಿಗಳು ಹೊಟ್ಟೆಯ ಮೇಲೆ ಮಲಗಿ ಕತ್ತು ಎತ್ತಿ ಕುಡಿಯುತ್ತಿದ್ದುದನ್ನು ನೆನಪು ಮಾಡಿಕೊಂಡು, ತೊಡೆಯ ಮೇಲೆ ಬೋರಲು ಹಾಕಿ ಗದ್ದದ ಕೆಳಗೆ ಬೆರಳು ಕೊಟ್ಟೆವು. ಆಗ ಮುಂಗಾಲು ಎರಡನ್ನೂ ನಮ್ಮ ಸೀರೆಗೆ ಒತ್ತಿ ಒತ್ತಿ ಕುಡಿಯುತ್ತಿದ್ದವು. ಹಾಲಿನ ಒಂದು ಹನಿಯನ್ನು ಮಣಿಕಟ್ಟಿನ ಒಳಗಡೆ ಬಿಟ್ಟುಕೊಂಡು, ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಿದರೆ ಸರಿ.

ಕುಡಿದ ಮೇಲೂ ಕೂಗುತ್ತಿದ್ದವು. ಹೊಟ್ಟೆ ಬಿಗಿಯಾಗಿರುತ್ತಿತ್ತು. ಕರಿಯ ಮರಿಯ ಗತಿಯೇ ಇವಕ್ಕೂ ಬಂತು ಎಂದು ನಾನು ಹೆದರಿದೆ. ಅತ್ತೆ ಯೋಚನೆ ಮಾಡುತ್ತಾ ಕೂತಿದ್ದವರು, "ಬೆಕ್ಕು ಹಾಲು ಕೊಟ್ಟ ಮ್ಯಾಲೆ ಬಾಲದ ಬುಡ ನೆಕ್ಕುತಿತ್ತಲ್ಲ, ಅದು ಸುಮ್ನೆ ಅಲ್ಲ ಕಣೆ" ಎಂದರು. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಬಾಲದ ಕೆಳಗೆ ಮೆಲ್ಲಗೆ ಒರೆಸಿದರು. ಆ ಕೂಡಲೇ ಮರಿ ಉಚ್ಚೆ ಹೊಯ್ದಿತು. ಅತ್ತೆಯ ಸೀರೆಯೆಲ್ಲ ಒದ್ದೆ. ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಅಂದಿನಿಂದ ಕುಡಿಸಿದ ಮೇಲೆ ಒರೆಸುವುದು ನನ್ನ ಕೆಲಸವಾಯಿತು.

ಎರಡು ಮರಿಗಳೂ ಒಂದೇ ತರಹ ಇದ್ದುದರಿಂದ ಕುಡಿದದ್ದಕ್ಕೇ ಇನ್ನೊಮ್ಮೆ ಕುಡಿಸಿ ಇನ್ನೊಂದನ್ನು ಉಪವಾಸ ಕೆಡವುವ ಅಪಾಯ ಇತ್ತು. ಅದಕ್ಕೆ ಸಣ್ಣದರ ಬಾಲದ ತುದಿಗೆ ಅರಿಶಿನ ಹಚ್ಚಿದೆವು. ಮಾಸಿದ ಹಾಗೆ ಮತ್ತೆ ಹಚ್ಚುವುದು. ಮೈಯಲ್ಲಿ ಚಿಗಟ ಕಂಡವೆಂದು ಮಾವ ಗಾಬರಿಯಾದಾಗ, ಹೇನು ತೆಗೆಯುವ ಸೀರಣಿಗೆಯಲ್ಲಿ ದಿನಾ ಬಾಚಿ, ಬಿದ್ದದ್ದನ್ನೆಲ್ಲ ಒಲೆಗೆ ಹಾಕಿದೆವು. ಚಳಿ ಹೆಚ್ಚಾದಾಗ ಒಲೆಯ ಪಕ್ಕದ ಇಟ್ಟಿಗೆ ಬಿಸಿಯಾಗಿರುತ್ತಿತ್ತಲ್ಲ, ಅದನ್ನು ಗೋಣಿಯಲ್ಲಿ ಸುತ್ತಿ ಪುಟ್ಟಿಯ ತಳಕ್ಕೆ ಇಡುತ್ತಿದ್ದೆ.

ಹಾಲು ಕುಡಿಯುತ್ತಿವೆ ಸರಿ, ಬೆಳೆಯುತ್ತಿವೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ದಿನ ನಾನು ನೀರು ತಂದು ಒಳಗೆ ಬಂದರೆ ಅತ್ತೆ ಕಾಳು ಅಳೆಯುವ ಪಾವಿನೊಳಗೆ ಮರಿಯನ್ನು ಕೂರಿಸಿದ್ದರು. ಅಂಗಡಿಯ ಪಾವು, ಅದರ ಎರಡರಷ್ಟು ಹಿಡಿಯುವ ಅಚ್ಚೇರು, ಸೇರು ಎಲ್ಲವನ್ನೂ ಜೋಪಡಿಗೆ ತಂದಿದ್ದೆವು. ಪಾವಿನಲ್ಲಿ ಮರಿಯ ಮೈ ಹಿಡಿದು, ತಲೆ ಮಾತ್ರ ಹೊರಗೆ ಇತ್ತು. ಅದು ಅಲ್ಲಿ ಹಾಯಾಗಿ ಕೂತು ಅತ್ತೆಯ ಬಳೆ ನೋಡುತ್ತಿತ್ತು. ಆ ಮೇಲೆ ಸೋಮವಾರ ಸೋಮವಾರ ಅಳೆಯುವುದು ರೂಢಿಯಾಯಿತು. ದೊಡ್ಡದು ಬೇಗನೆ ಪಾವಿನಲ್ಲಿ ಹಿಡಿಸದೆ ಹೋಯಿತು, ಅಚ್ಚೇರಿಗೆ ಏರಿತು. ಅರಿಶಿನ ಬಾಲದ್ದು ಪಾವಿನಲ್ಲೇ ಉಳಿಯಿತು. ಅದನ್ನು ಒಳಗೆ ಕೂರಿಸಿದರೆ ಪಕ್ಕದಲ್ಲಿ ಇನ್ನೂ ಬೆರಳು ಆಡಿಸಲು ಜಾಗ ಇರುತ್ತಿತ್ತು.

ಮಾವ ಒಂದು ದಿನ ಇದನ್ನು ಕಂಡುಬಿಟ್ಟರು. ನಾವಿಬ್ಬರೂ ಎದ್ದು ನಿಂತೆವು. ಅವರು ಮರಿಯನ್ನು ತೆಗೆದು ಕೆಳಗಿಟ್ಟು, ಅಚ್ಚೇರನ್ನು ಬೂದಿ ಹಚ್ಚಿ ಉಜ್ಜಿ ತೊಳೆದು ಬಿಸಿಲಿಗೆ ಇಟ್ಟರು. ಮುಂದಿನ ಸೋಮವಾರ ನಾವು ಅಳೆಯುವುದೋ ಬೇಡವೋ ಎಂದು ಕೂತಿದ್ದಾಗ ಹಳೆಯದೊಂದು ಅಚ್ಚೇರು ತಂದು ಅತ್ತೆಯ ಮುಂದೆ ಇಟ್ಟು ಹೋದರು. ಕಂಠ ಸೊಟ್ಟಾಗಿ, ವ್ಯಾಪಾರಕ್ಕೆ ಬಾರದೆ ಜೋಪಡಿಯ ಮೂಲೆಯಲ್ಲಿ ಬಿದ್ದಿದ್ದ ಅಚ್ಚೇರು.

ಸಣ್ಣದು ಏಕೆ ಬೆಳೆಯುತ್ತಿಲ್ಲವೆಂಬುದೇ ಚಿಂತೆಯಾಯಿತು. ಭೇದಿ ಇಲ್ಲ, ಕಣ್ಣು ಶುಭ್ರವಾಗಿದೆ, ಕೂಗುವುದೂ ಇಲ್ಲ. ಒಳಲೆ ಇಟ್ಟರೆ ನಾಲ್ಕು ಗುಟುಕು ಚೀಪಿ ಮುಖ ತಿರುಗಿಸುತ್ತಿತ್ತು. ಹಸಿವಿಲ್ಲವೇನೋ ಅಂದುಕೊಳ್ಳುತ್ತಿದ್ದೆವು. ಬೆನ್ನಿನ ಚರ್ಮ ಹಿಡಿದು ಎತ್ತಿ ಬಿಟ್ಟರೆ ದೊಡ್ಡದಕ್ಕೆ ತಟ್ಟನೆ ಕೂತುಕೊಳ್ಳುತ್ತಿತ್ತು, ಇದಕ್ಕೆ ನಿಧಾನಕ್ಕೆ. ಮೊದಲು ಇದಕ್ಕೇ ಕುಡಿಸಿ ನೋಡಿದೆವು. ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಟ್ಟು ನೋಡಿದೆವು. ಹೆಚ್ಚೇನೂ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಪುಟ್ಟಿಯ ಪಕ್ಕ ಕೂತಿದ್ದೆ. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಒಳಗಿಂದ ಚೀಪುವ ಸದ್ದು ಬರುತ್ತಿತ್ತು. ಬಗ್ಗಿ ನೋಡಿದರೆ ಸಣ್ಣದು ದೊಡ್ಡದರ ಕಿವಿಯನ್ನು ಬಾಯಲ್ಲಿ ಹಿಡಿದು ಚೀಪುತ್ತಿತ್ತು. ಮುಂಗಾಲಿಂದ ಒತ್ತುತ್ತಾ, ಕಣ್ಣು ಮುಚ್ಚಿಕೊಂಡು, ತಾಯಿಯ ಹತ್ತಿರ ಕುಡಿಯುವ ಹಾಗೆಯೇ. ದೊಡ್ಡದರ ಆ ಕಿವಿಯ ಕೂದಲು ಒದ್ದೆಯಾಗಿ ಅಂಟಿತ್ತು. ನಾನು ಅತ್ತೆಯನ್ನು ಕರೆದೆ. ಅವರೂ ಬಂದು ನೋಡಿದರು. ಇಷ್ಟು ದಿನ ಅದು ಕೂಗದೆ ಸುಮ್ಮನಿರುವುದನ್ನು ಕಂಡು ಹೊಟ್ಟೆ ತುಂಬಿದೆ ಅಂದುಕೊಂಡಿದ್ದೆವು. ಹಗಲೆಲ್ಲ ಕಿವಿ ಚೀಪಿ ದಣಿದು, ಒಳಲೆ ಕಂಡಾಗ ಅದಕ್ಕೆ ಚೀಪುವ ಮನಸ್ಸೇ ಇರುತ್ತಿರಲಿಲ್ಲ.

"ಕುಡಿದೋರು ಸುಮ್ನಿರ್ತಾರೆ, ಕುಡಿದಿದ್ದೀನಿ ಅಂದ್ಕಂಡೋರೂ ಸುಮ್ನಿರ್ತಾರೆ. ನಾವೇ ನೋಡ್ಬೇಕು" ಎಂದರು ಅತ್ತೆ.

ಸಣ್ಣದನ್ನು ಬೇರೆ ಪುಟ್ಟಿಗೆ ಹಾಕಿದೆವು. ಒಂದೇ ಇದ್ದರೆ ಚಳಿಯಾಗುತ್ತದೆಂದು ಕೆಲಸ ಮಾಡುವಾಗ ಅತ್ತೆ ಅದನ್ನು ಸೀರೆಯ ಮಡಿಲಲ್ಲಿ ಕಟ್ಟಿಕೊಳ್ಳುತ್ತಿದ್ದರು. ಮೊದಲ ದಿನ ಅದು ಗಂಟಲು ಹರಿಯುವ ಹಾಗೆ ಕೂಗಿತು. ಕೂಗಿದ್ದೇ ಒಳ್ಳೆಯದಾಯಿತು. ಒಳಲೆ ಇಟ್ಟಾಗ ಬಿಗಿಯಾಗಿ ಹಿಡಿದು ತಳ ಕಾಣುವ ತನಕ ಕುಡಿಯಿತು. ಹೊಟ್ಟೆ ಸಣ್ಣ ಬದನೆಕಾಯಿಯ ಹಾಗೆ ಗುಂಡಗಾಗಿ, ಕುಡಿಯುತ್ತಿದ್ದ ಹಾಗೆಯೇ ನಿದ್ದೆ ಹೋಯಿತು. ಎರಡು ಸೋಮವಾರ ಕಳೆಯುವುದರೊಳಗೆ ಅದೂ ಸೊಟ್ಟ ಅಚ್ಚೇರಿಗೆ ಏರಿತು. ಆ ದಿನ ಮಾವ ಹೊರಗಿಂದಲೇ, ಸಣ್ಣದು ಎಷ್ಟು ಬಂತು ಎಂದು ಕೇಳಿದರು. ಅಚ್ಚೇರು ತುಂಬೈತೆ ಎಂದು ಅತ್ತೆ ಹೇಳಿದರು. ನನ್ನ ಗಂಡ ದಾವಣಗೆರೆಯಿಂದ ನೇರವಾಗಿ ಹೊಲಕ್ಕೆ ಬಂದವರು ಇದನ್ನೆಲ್ಲ ನೋಡಿ ತಾಯಿಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದರು, ಕೈ ತೊಳೆದು ಊಟಕ್ಕೆ ಕೂತರು.

ತಾಯಿ ಬೆಕ್ಕಿನ ಸುದ್ದಿ ತಳವಾರನಿಂದ ಬರುತ್ತಿತ್ತು. ಹೆಂಚಿನ ಮೇಲೆ ಕಂಡೆ ಎನ್ನುತ್ತಿದ್ದ, ಕೆಲವು ದಿನ ಕಾಣಲಿಲ್ಲ ಎನ್ನುತ್ತಿದ್ದ. ಊರಲ್ಲಿ ಬೇರೆ ಬೆಕ್ಕುಗಳು ಸತ್ತುಬಿದ್ದಿವೆಯೆಂದೂ ಹೇಳಿದ. ಅತ್ತೆ ಅವನ ಕೈಲಿ ಒಂದು ಕುಡಿಕೆ ಹಾಲು, ಒಂದು ರೊಟ್ಟಿ ಕಳಿಸಿ, ರೊಟ್ಟಿ ನಿನಗೆ, ಹಾಲು ನಮ್ಮ ಜಗಲಿಯ ಮೇಲೆ ಇಟ್ಟು ಬಾ ಎನ್ನುತ್ತಿದ್ದರು. ಮಾವನಿಗೆ ಇದು ಗೊತ್ತಿತ್ತು. ತಳವಾರ ಬರುವ ಹೊತ್ತಿಗೆ ಸರಿಯಾಗಿ ಅವರು ಎತ್ತಿಗೆ ನೀರು ಕುಡಿಸಲು ಹೋಗುತ್ತಿದ್ದರು.

ಬಿಸಿಲು ಬಲಿತ ಮೇಲೆ ಊರಿಗೆ ವಾಪಸಾಗಲು ಅಪ್ಪಣೆಯಾಯಿತು. ಅಷ್ಟರಲ್ಲಿ ಮರಿಗಳು ತಟ್ಟೆಯಿಂದ ನೆಕ್ಕಲು ಕಲಿತಿದ್ದವು. ಹಾಲಿನಲ್ಲಿ ನುರಿದ ಮುದ್ದೆ ತಿನ್ನುತ್ತಿದ್ದವು. ಮನೆಯ ಹೆಂಚುಗಳನ್ನು ಅಲ್ಲಲ್ಲಿ ತೆಗೆಸಿ ಬಿಸಿಲು ಒಳಗೆ ಬೀಳುವ ಹಾಗೆ ಮಾಡಿದ್ದರು. ಬಾಗಿಲು ತೆರೆದಾಗ ಬೆಕ್ಕು ಗುಡಾಣದ ಮೇಲೆ ಕೂತಿತ್ತು. ಸೊರಗಿತ್ತು, ಬೆನ್ನಿನ ಮೂಳೆ ಕಾಣುತ್ತಿತ್ತು. ಅದರ ಹಿಂದಿನಿಂದ ಒಂದು ಮರಿ ಇಣುಕಿತು. ಬೆಕ್ಕು ಮೊದಲೇ ಹೊತ್ತುಕೊಂಡು ಬಂದಿದ್ದ ಮರಿ. ನಮ್ಮ ದೊಡ್ಡ ಮರಿಗಿಂತಲೂ ಅದು ಎಷ್ಟೋ ದೊಡ್ಡದಾಗಿತ್ತು. ರೋಮ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಅತ್ತೆ ಕೈ ಚಾಚಿದರೆ ಫುಸ್ಸೆಂದು ಪರಚಿತು.

"ಒಂಟಿ ಆಗಿ ಹೆಂಗೆ ಸಾಕೈತೆ ನೋಡು. ನಾವು ಇಬ್ರು ಸೇರಿ ಇಷ್ಟಕ್ಕೇ ಸುಸ್ತಾದ್ವಿ" ಎಂದು ಅತ್ತೆ ಕೈಯ ರಕ್ತ ಒರೆಸಿಕೊಳ್ಳುತ್ತಾ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಗೀರಿದ ನೋವಿಗಲ್ಲ.

ನಮ್ಮ ಮರಿಗಳನ್ನು ಬೆಕ್ಕು ಮೊದಲು ಹತ್ತಿರ ಸೇರಿಸಲಿಲ್ಲ. ಮೂಸಿ ನೋಡಿ ಗುರ್ ಎಂದಿತು. ಆಡಿನ ಹಾಲು, ಅರಿಶಿನ, ನಮ್ಮ ಒಲೆಯ ಹೊಗೆ, ಎಲ್ಲ ವಾಸನೆಯೂ ಅವುಗಳ ಮೈಯಲ್ಲಿತ್ತು. ಮಧ್ಯೆ ಬರಬೇಡ ಎಂದು ಅತ್ತೆ ನನ್ನನ್ನು ತಡೆದರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬೆಕ್ಕು ಅರೆಜೀವದ ಹಲ್ಲಿಯೊಂದನ್ನು ತಂದು ಇವೆರಡರ ಮುಂದೆ ಹಾಕಿತು. ಇವು ಮೂಸಿ, ಹೆದರಿ, ಓಡಿ ಬಂದು ಅತ್ತೆಯ ಕಾಲ ಹಿಂದೆ ನಿಂತವು. ಬೆಕ್ಕು ಸಿಟ್ಟಾಗಲಿಲ್ಲ. ಮಾರನೆಯ ದಿನ ಮತ್ತೆ ತಂದಿತು. ಅರಿಶಿನ ಬಾಲದ್ದು ಮೊದಲು ಪಂಜ ಚಾಚಿತು. ನಾವು ಶಾಕಾಹಾರಿಗಳು, ಆ ಪಾಠ ಹೇಳಿಕೊಡುವುದು ನಮ್ಮಿಂದ ಆಗುತ್ತಿರಲಿಲ್ಲ. ಅತ್ತೆ ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಣಗಿಸಿ, ಪೆಟ್ಟಿಗೆಗೆ ಹಾಕಿದರು.

ಪ್ಲೇಗು ಕಳೆದ ಮೇಲೆ ಊರಲ್ಲಿ ಬೆಕ್ಕುಗಳಿಗೆ ಬರ ಬಂತು. ಮರಿ ಕೊಡಿ ಎಂದು ಜನ ಕೇಳಿಕೊಂಡು ಬರುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂರಿಸಿ ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತಿದ್ದರು: ಮನೆಯಲ್ಲಿ ಕರೆಯುವ ಹಸು ಇದೆಯೇ, ನಾಯಿ ಇದೆಯೇ, ಬಾಲ ಹಿಡಿದು ಎಳೆಯುವ ಮಕ್ಕಳಿದ್ದಾರೆಯೇ. ಬಹಳ ಜನ ಬರಿಗೈಯಲ್ಲಿ ಹೋದರು. ಕೊನೆಗೆ ನಾವು ಸಾಕಿದ ದೊಡ್ಡದನ್ನು ಹೊನ್ನಾಳಿಯ ಅಕ್ಕಿ ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟರು. ಕೊಟ್ಟ ಮೇಲೂ ಸಮಾಧಾನ ಇರಲಿಲ್ಲ. ಒಂದು ತಿಂಗಳು ಕಳೆದಿರಬೇಕು, ಹೊಳೆಯ ಸ್ನಾನಕ್ಕೆಂದು ನನ್ನನ್ನೂ ಕರೆದುಕೊಂಡು ಹೊನ್ನಾಳಿಗೆ ಹೊರಟರು. ಸ್ನಾನ ಬೇಗ ಮುಗಿಯಿತು. ಒದ್ದೆ ತಲೆಯಲ್ಲೇ ನೇರವಾಗಿ ಆ ಮನೆಗೆ ಹೋದೆವು.

ಮರಿ ಅಕ್ಕಿ ಮೂಟೆಗಳ ಮೇಲೆ ಮಲಗಿತ್ತು. ನಮ್ಮ ಗುರುತು ಹಿಡಿಯಿತೋ ಇಲ್ಲವೋ ಹೇಳಲಾರೆ, ಅತ್ತೆ ಎತ್ತಿಕೊಂಡಾಗ ಸುಮ್ಮನಿತ್ತು. ಅವರು ಅದರ ಪಕ್ಕೆ ಮುಟ್ಟಿ ನೋಡಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನಿನ ಚರ್ಮ ಎತ್ತಿ ಬಿಟ್ಟರು. ಆ ಮನೆಯ ಹೆಂಗಸರು ಕೊಟ್ಟ ಮಜ್ಜಿಗೆ ಕುಡಿದು, ಕುಂಕುಮ ಇಡಿಸಿಕೊಂಡು ಬೀದಿಗೆ ಇಳಿದೆವು. ಬಸ್ಸು ನಿಲ್ಲುವ ಜಾಗಕ್ಕೆ ಬಂದು ನಿಂತೆವು. ಅತ್ತೆ, "ಮೈ ಹಿಡಿದೈತೆ. ಮಜ್ಜಿಗಿ ಮಾತ್ರ ಬರೀ ನೀರು. ಅದಕ್ಕೆ ಹಾಲಾದ್ರೂ ನೆಟ್ಟಗೆ ಹಾಕ್ತಾರೇನೋ" ಎಂದರು. ನಾನು ಹೂಂ ಎಂದೆ. ನ್ಯಾಮತಿ ಬರುವ ತನಕ ಅವರು ಆ ಮನೆಯವರ ಬಗ್ಗೆ, ಅವರ ಅಕ್ಕಿಯ ಬಗ್ಗೆ, ತಾವು ನನ್ನ ವಯಸ್ಸಿನಲ್ಲಿ ಮದುವೆಯಾಗಿ ಈ ಕಡೆಗೆ ಬಂದಾಗ ಹೊಳೆಯಲ್ಲಿ ಎಷ್ಟು ನೀರಿತ್ತೆಂಬುದರ ಬಗ್ಗೆ ಮಾತಾಡುತ್ತಲೇ ಇದ್ದರು.